ಮಟಮಟ ಮಧ್ಯಾಹ್ನದ ಪಂಚನಾಮೆ

ನನ್ನ ಕುರ್ಚಿಗೆ ಹೊಸದಾಗಿ ಬಂದ ಹುಡುಗಿ ಹೋದ ವಾರ ಫೋನ್ ಮಾಡಿದಳು. ಯಾವುದೋ ಕಡತ ಸಿಗುತ್ತಿಲ್ಲವೆಂದು ಕೇಳುತ್ತಾಳೆ ಅಂದುಕೊಂಡೆ. ಅವಳು ಕೇಳಿದ್ದು ಬೇರೆ.

"ಮೇಡಂ, ಇಲ್ಲಿ ಡಬ್ಬಿ ಎಷ್ಟಕ್ಕ ಬಿಚ್ಚಬೇಕ್ರಿ?"

"ಉಳದವ್ರು ಎಷ್ಟಕ್ಕ ಬಿಚ್ತಾರ?"

"ಹನ್ನೆರಡು ಹೊಡೀತಂದ್ರ ಎಲ್ಲಾರೂ ಬಾಗಲಾ ಹಾಕ್ಕೊಂಡು ಕುಂತಬಿಡ್ತಾರ್ರಿ. ನಂಗ ಅಷ್ಟ ಲಗೂನ ಹಸಿವಿ ಆಗಂಗಿಲ್ಲ. ತಡಾ ಮಾಡಿ ತಿಂದ್ರ ಯಾರರ ಏನರ ಅಂತಾರೇನ್ರಿ?"

ಬರೆದು ಕಳಿಸುತ್ತೇನೆ ಎಂದು ಹೇಳಿ ಫೋನ್ ಇಟ್ಟೆ. ಫೋನಿನಲ್ಲಿ ಮಾತು ಬೆಳೆಸುವುದು ನನಗೆ ಬರುವುದಿಲ್ಲ. ಅವಳ ಪ್ರಶ್ನೆಗೆ ಎರಡು ಪದದ ಉತ್ತರ ಸಾಕು. ಆದರೆ ಆ ಎರಡು ಪದ ನನಗೆ ತಿಳಿಯಲು ಒಂಬತ್ತು ವರ್ಷ ಹಿಡಿಯಿತು. ಆದ್ದರಿಂದ ಅವಳಿಗೆ ಬರೆಯುವ ಈ ಪತ್ರದಲ್ಲಿ ಉತ್ತರವನ್ನು ಕೊನೆಯಲ್ಲಿ ಬರೆಯುತ್ತೇನೆ.

ನಿವೃತ್ತಿಯಾದಾಗ ನನಗೆ ಮೂವತ್ತಮೂರು ವರ್ಷ. ಬೇರೆ ಇಲಾಖೆಯವರಿಗೆ ಇದು ವಿಚಿತ್ರವೆನಿಸುತ್ತದೆ. ನಮ್ಮ ಇಲಾಖೆಯಲ್ಲಿ ವಯಸ್ಸು ನೋಡಿ ಮನೆಗೆ ಕಳಿಸುವುದಿಲ್ಲ, ನೆರಳು ನೋಡಿ ಕಳಿಸುತ್ತಾರೆ. ನಾನು ಕೆಲಸ ಮಾಡಿದ್ದು ಬೆಳಗಾವಿಯ ಅಮಾನುಷ ನಿವಾಸಿಗಳ ನೋಂದಣಿ ಕಚೇರಿಯಲ್ಲಿ. ಊರವರು ಅದನ್ನು ದೆವ್ವದ ಆಫೀಸು ಎನ್ನುತ್ತಾರೆ. ರವಿವಾರ ಪೇಟೆಯಲ್ಲಿ ಚೀಲ ಹೊರುವ ವೇತಾಳರು, ಕಾಕತಿ ರಸ್ತೆಯ ಆಲದ ಮರದಲ್ಲಿ ಮರೆಯಾಗಿದ್ದುಕೊಂಡು ಮಕ್ಕಳಿಗೆ ಗಣಿತದ ಟ್ಯೂಶನ್ ಹೇಳುವ ಬ್ರಹ್ಮರಾಕ್ಷಸರು, ಖಾನಾಪುರದ ಹೆಂಚಿನ ಭಟ್ಟಿಗಳಲ್ಲಿ ಉರಿಯುವ ಕೊಳ್ಳಿದೆವ್ವಗಳು, ಬಾವಿಗಳ ಜಕ್ಕಿಣಿಯರು, ಇವರಿಗೆಲ್ಲ ವಾಸದ ಪ್ರಮಾಣಪತ್ರ ಕೊಡುವುದು ನಮ್ಮ ಕೆಲಸ. ಪ್ರಮಾಣಪತ್ರವಿದ್ದರೆ ಅವರ ಮರ ಕಡಿಯುವಂತಿಲ್ಲ, ಬಾವಿ ಮುಚ್ಚುವಂತಿಲ್ಲ. ಇಲ್ಲದಿದ್ದರೆ ಅವರು ಇಲ್ಲ.

ಇವರೊಂದಿಗೆ ಹೆಚ್ಚು ದಿನ ಇದ್ದರೆ ಮನುಷ್ಯರ ನೆರಳು ಸವೆಯುತ್ತದೆ. ಅದಕ್ಕೇ ವರ್ಷಕ್ಕೊಮ್ಮೆ ಸಂಜೆ ನಾಲ್ಕು ಗಂಟೆಗೆ ನಮ್ಮನ್ನು ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ ವೈದ್ಯರು ಟೇಪು ಹಿಡಿದು ಅಳೆಯುತ್ತಾರೆ. ಒಂದು ಮೊಳಕ್ಕಿಂತ ಕಡಿಮೆ ಬಂದವರು ಮರುದಿನ ಶಾಲು ಹೊದ್ದು ಮನೆಗೆ ಹೋಗುತ್ತಾರೆ. ಡಿ ದರ್ಜೆಯ ನೌಕರರ ನೆರಳನ್ನು ಅಳೆಯುವುದಿಲ್ಲ. ಅದಕ್ಕೆ ನಮೂನೆ ಇಲ್ಲ.

ವಿಶ್ವವಿದ್ಯಾಲಯದಲ್ಲಿ ನಾನು ಓದಿದ್ದು ಸಂಖ್ಯಾಶಾಸ್ತ್ರ. ಎಣಿಸುವುದು ಬರುತ್ತದೆಂದು ಸ್ಥಳ ಪರಿಶೀಲನೆಗೆ ಹಾಕಿದರು. ಮೊದಲ ಮೂರು ವರ್ಷ ಖಾನಾಪುರ.

ಅಲ್ಲಿ ನನ್ನ ಮೊದಲ ಅರ್ಜಿದಾರ ಒಬ್ಬ ವೇತಾಳ. ವೇತಾಳರಿಗೆ ಸ್ವಂತ ದೇಹವಿರುವುದಿಲ್ಲ, ತೀರಿಹೋದವರ ದೇಹದಲ್ಲಿ ಬಾಡಿಗೆಗಿದ್ದಂತೆ ಇರುತ್ತಾರೆ. ಅರ್ಜಿಯಲ್ಲಿ ಮಾತೃಭಾಷೆಯ ಅಂಕಣದವರೆಗೆ ಎಲ್ಲ ಸರಿಯಾಗಿ ನಡೆಯಿತು.

"ಸಧ್ಯಾ ಮರಾಠಿ," ಅಂದ ವೇತಾಳ. "ಹೋದ ತಿಂಗಳ ಒಬ್ಬ ಸಾಲಿ ಮಾಸ್ತರನ ಮೈಯಾಗಿದ್ನಿ. ಆವಾಗ ಕನ್ನಡ."

"ಹಂಗ ಎರಡೆರಡು ಬರಿಯೂ ಹಂಗಿಲ್ರಿ. ಒಂದ ಹೇಳ್ರಿ."

"ಮೈ ಬದಲಾದ್ರ ಮಾತೂ ಬದಲಾಗ್ತೈತಿ, ತಂಗಿ. ನಾ ಏನ ಮಾಡ್ಲಿ?"

"ನಿಮ್ಮ ಸ್ವಂತದ್ದು ಯಾವ್ದರೀ?"

"ನಾನ ನನ್ನ ಸಂಗಾಟ ಮಾತಾಡಿದ್ದಿಲ್ಲ. ಖಾಲಿ ಬಿಡು."

ಖಾಲಿ ಬಿಟ್ಟೆ. ಖಾಲಿ ಬಿಡುವಂತಿಲ್ಲವೆಂದು ಮೇಲಿನ ಕಚೇರಿಯಿಂದ ಅರ್ಜಿ ಮೂರು ಸಲ ವಾಪಸು ಬಂತು. ನಾಲ್ಕನೆಯ ಸಲ ಖಾನಾಪುರದ ನನ್ನ ಮೇಲಧಿಕಾರಿ ಬೇಸತ್ತು ಆ ಅಂಕಣದಲ್ಲಿ "ಮೌನ" ಎಂದು ಬರೆದರು. ತಕ್ಷಣ ಮಂಜೂರಾಯಿತು. ಆರು ತಿಂಗಳ ನಂತರ ನಮ್ಮ ಕಚೇರಿಗೆ ಮೌನ ಭಾಷೆಯ ಭಾಷಾಂತರಕಾರರ ಹುದ್ದೆಯೊಂದು ಬಂತು. ಆ ಹುದ್ದೆಗೆ ಬಂದವರು ದಿನವಿಡೀ ಏನೂ ಮಾತಾಡದೆ ಕುಳಿತಿರುತ್ತಿದ್ದರು. ಕೆಲಸ ಚೆನ್ನಾಗಿ ಬಲ್ಲವರು ಎಂದು ಎಲ್ಲರೂ ಒಪ್ಪಿದರು.

ಎಲ್ಲರೂ ನಕ್ಕರು. ನಾನು ಮಾತ್ರ ಒಂದು ನಿರ್ಧಾರ ಮಾಡಿದೆ. ಇನ್ನು ಮುಂದೆ ನನ್ನ ವರದಿಯಲ್ಲಿ ಕಣ್ಣಿಗೆ ಕಂಡದ್ದನ್ನು ಬಿಟ್ಟು ಒಂದಕ್ಷರವನ್ನೂ ಬರೆಯಬಾರದು, ಯಾರಿಗೂ ಬರೆಯಲು ಬಿಡಬಾರದು. ಈ ನಿರ್ಧಾರ ನೆನಪಿರಲಿ. ಮುಂದೆ ಆದ ಅನಾಹುತಕ್ಕೆ ಇದೇ ಕಾರಣ.

ಖಾನಾಪುರ ಬಿಡುವಾಗ ಭಟ್ಟಿಯ ಕೊಳ್ಳಿದೆವ್ವವೊಂದು ನನಗೆ ತಾನೇ ಸುಟ್ಟ ಮಣ್ಣಿನ ಮಡಕೆ ಕೊಟ್ಟಿತು. ಉಡುಗೊರೆ ತೆಗೆದುಕೊಳ್ಳುವಂತಿಲ್ಲ ಎಂದೆ. "ಇದು ಉಡುಗೊರಿ ಅಲ್ಲವಾ, ಜರಾ ಓರಿ ಆಗೇತಿ, ಯಾರೂ ಒಯ್ಯಂಗಿಲ್ಲ," ಅಂದಿತು. ಖರೇ, ಅದು ಸ್ವಲ್ಪ ಓರೆಯಾಗಿತ್ತು. ಹಾಗೆ ಬರೆಸಿಕೊಂಡು ತಂದೆ.

ಬೆಳಗಾವಿ ಕಚೇರಿಯ ಮುಖ್ಯಸ್ಥರು ಹೊಸಮನಿ ಸಾಹೇಬರು. ಕೆಟ್ಟವರಲ್ಲ. ಇಲಾಖೆಯಲ್ಲೇ ಅತ್ಯಂತ ಉದ್ದದ ನೆರಳು ಅವರದು, ಅದರ ಬಗ್ಗೆ ಅವರಿಗೆ ಅಭಿಮಾನವಿತ್ತು. ಅಳತೆಯ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತಿದ್ದರು. ಅಷ್ಟು ಉದ್ದದ ನೆರಳು ಉಳಿಸಿಕೊಂಡಿದ್ದು ಹೇಗೆಂದರೆ, ಮೂವತ್ತು ವರ್ಷದ ಸೇವೆಯಲ್ಲಿ ಅವರು ಒಬ್ಬ ನಿವಾಸಿಯನ್ನೂ ಎದುರಿಗೆ ಕಂಡಿರಲಿಲ್ಲ.

ಹೊಸ ಯಂತ್ರಗಳೆಂದರೆ ಅವರಿಗೆ ಪ್ರೀತಿ. ನಾನು ಬಂದ ವರ್ಷ ಕಚೇರಿಯ ಹೊಸ್ತಿಲಲ್ಲಿ ಪಾದ ಗುರುತಿಸುವ ಯಂತ್ರ ಕೂರಿಸಿದರು. ಪಾದದ ದಿಕ್ಕು ನೋಡಿ ಬಂದವರೆಷ್ಟು, ಹೋದವರೆಷ್ಟು ಎಂದು ಅದು ಲೆಕ್ಕ ಇಡಬೇಕು. ನಮ್ಮಲ್ಲಿಗೆ ಬರುವ ಹೆಂಗಸರಲ್ಲಿ ಬಹಳ ಮಂದಿಯ ಪಾದ ಹಿಂದುಮುಂದು. ಹೀಗಾಗಿ ಒಳಗೆ ಬಂದವರೆಲ್ಲ ಹೊರಗೆ ಹೋದರು ಎಂದೂ, ಹೊರಗೆ ಹೋದವರೆಲ್ಲ ಒಳಗೆ ಬಂದರು ಎಂದೂ ದಾಖಲಾಯಿತು. ಸಂಜೆ ಬೀಗ ಹಾಕಿದ ಮೇಲೆ ಕಚೇರಿ ತುಂಬಿ ತುಳುಕುತ್ತಿದೆಯೆಂದು ಯಂತ್ರ ಕೂಗಿಕೊಳ್ಳುತ್ತಿತ್ತು. ಸಾಹೇಬರು ಯೋಚಿಸಿ ಒಂದು ಫಲಕ ಬರೆಸಿದರು: "ಮಹಿಳಾ ನಿವಾಸಿಗಳು ಹಿಮ್ಮುಖವಾಗಿ ಪ್ರವೇಶಿಸತಕ್ಕದ್ದು." ಒಬ್ಬಾಕೆ ಹಾಗೇ ಹಿಂದೆ ಹಿಂದೆ ನಡೆದು ಬಂದು ಸಾಹೇಬರ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, "ಮಾರಿ ತೋರಸ್ಲೇನ್ರಿ ಸಾಹೇಬ್ರ?" ಎಂದು ಕೇಳಿದಳು. ಮರುದಿನ ಯಂತ್ರವನ್ನು ಗೋದಾಮಿಗೆ ಕಳಿಸಿದರು.

ಇನ್ನು ಊಟದ ವಿಷಯ. ಬೇರೆಲ್ಲ ಕಚೇರಿಗಳಲ್ಲಿ ಊಟದ ವಿರಾಮ ಒಂದೂವರೆಯ ಮೇಲೆ. ನಮ್ಮಲ್ಲಿ ಹನ್ನೆರಡರಿಂದ ಒಂದು. ವೇತಾಳ, ಕೊಳ್ಳಿದೆವ್ವದಂಥವರು ಯಾವಾಗಲೂ ಕಾಣುತ್ತಾರೆ. ಆದರೆ ನೀರಿನವರು, ಮರದವರು ಮಟಮಟ ಮಧ್ಯಾಹ್ನ ಮಾತ್ರ ಕಾಣಿಸಿಕೊಳ್ಳುತ್ತಾರೆ. ಅವರ ಕಣ್ಣಿಗೆ ಕಣ್ಣು ಕೂಡಿಸಿದವರ ನೆರಳು ಸವೆಯುವುದಿಲ್ಲ, ಪೂರ್ತಿ ಹೋಗಿಬಿಡುತ್ತದೆ. ನೌಕರರ ಹಿತಕ್ಕಾಗಿ ಯಾರೋ ಹಿಂದೆ ಆ ಹೊತ್ತನ್ನೇ ಊಟಕ್ಕೆ ಗೊತ್ತು ಮಾಡಿದ್ದರು. ಯಾರನ್ನು ನೋಡುವುದಕ್ಕೆ ಕಚೇರಿ ಇದೆಯೋ ಅವರು ಕಾಣುವ ಒಂದೇ ತಾಸು ಕಚೇರಿಯ ಬಾಗಿಲು ಹಾಕಿರುತ್ತದೆ. ಇದು ನನಗೆ ತಿಳಿದದ್ದು ತೀರ ತಡವಾಗಿ; ಅಲ್ಲಿಯವರೆಗೆ ಹನ್ನೆರಡೆಂದರೆ ನನಗೆ ಊಟದ ಹೊತ್ತಷ್ಟೇ.

ಇದಕ್ಕೆ ಅಂಟಿಕೊಂಡ ಇನ್ನೊಂದು ಪದ್ಧತಿ ಉಪವಾಸದ ಪುಸ್ತಕ. ಉಪವಾಸವಿರುವ ನೌಕರರಿಗೆ ಊಟದ ವಿರಾಮ ಬೇಕಿಲ್ಲವಲ್ಲ. ಆದ್ದರಿಂದ ಅಂದು ಅವರ ಪಾಲಿಗೆ ಹನ್ನೆರಡರಿಂದ ಒಂದು ಕರ್ತವ್ಯದ ವೇಳೆಯೆಂದು ಹಿಡಿದು, ಸಂಜೆ ಒಂದು ತಾಸು ಮೊದಲೇ ಮನೆಗೆ ಬಿಡಬೇಕು. ಈ ಆದೇಶ ಬರೆಸಿದವರು ಹೊಸಮನಿ ಸಾಹೇಬರೇ. ಪ್ರತಿ ಸೋಮವಾರ ಬೆಳಿಗ್ಗೆ ಪುಸ್ತಕದಲ್ಲಿ ಮೊದಲ ಸಹಿ ಅವರದು. ಹನ್ನೆರಡಕ್ಕೆ ಬಾಗಿಲು ಹಾಕಿಕೊಂಡು ಸಾಬೂದಾಣಿ ಖಿಚಡಿ, ಶೇಂಗಾ ಉಂಡಿ, ನಾಲ್ಕು ಬಾಳೆಹಣ್ಣು ತಿನ್ನುತ್ತಿದ್ದರು. ಸೋಮವಾರದ ಡಬ್ಬಿ ಉಳಿದ ದಿನಗಳ ಡಬ್ಬಿಗಿಂತ ದೊಡ್ಡದಿತ್ತು.

ನಾನು ಯಾರೊಂದಿಗೂ ಕೂತು ಊಟ ಮಾಡುತ್ತಿರಲಿಲ್ಲ. ನನ್ನ ಮೇಜಿನಲ್ಲೇ, ಓರೆ ಮಡಕೆಯ ಪಕ್ಕ. ಮಡಕೆಗೆ ನೀರು ತರುತ್ತಿದ್ದವನು ಜವಾನ ಯಲ್ಲಪ್ಪ. ಕುರಿ ಕಾಯುವ ಮನೆತನದವನು, ಅವನ ಮನೆಯಲ್ಲಿ ಸರಕಾರಿ ಕೆಲಸಕ್ಕೆ ಸೇರಿದ ಮೊದಲಿಗ. ವಯಸ್ಸಿನಲ್ಲಿ ದೊಡ್ಡವನಾದ್ದರಿಂದ ನಾನು ಕಾಕಾ ಅನ್ನುತ್ತಿದ್ದೆ, ಅವನು ನನಗೆ ಅಕ್ಕಾರ ಅನ್ನುತ್ತಿದ್ದ. ನಳದ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದಕ್ಕೇ ಅವನು ದಿನಾ ರವಿವಾರ ಪೇಟೆಯ ಒಂದು ಹಳೆಯ ಬಾವಿಯಿಂದ ಕಚೇರಿಗೆಲ್ಲ ಕುಡಿಯುವ ನೀರು ತರುತ್ತಿದ್ದ.

ಅದೇ ಬಾವಿಯ ಅರ್ಜಿ ನನ್ನ ಮೇಜಿಗೆ ಬಂತು. ಮುಚ್ಚಿಹೋದ ಬೆಲ್ಲದ ಗೋದಾಮೊಂದರ ಹಿಂದೆ ಮೆಟ್ಟಿಲಿರುವ ಬಾವಿ. ಆ ಜಾಗದಲ್ಲಿ ವಾಹನ ನಿಲುಗಡೆಯ ಕಟ್ಟಡ ಕಟ್ಟಬೇಕಿತ್ತು. ಬಾವಿಯಲ್ಲಿರುವ ಜಕ್ಕವ್ವ ಎಂಬ ಜಕ್ಕಿಣಿಯ ಪ್ರಮಾಣಪತ್ರದ ಅವಧಿ ಮುಗಿದಿತ್ತು. ಅವಳು ಈಗಲೂ ಅಲ್ಲಿದ್ದಾಳೆಯೇ ಎಂದು ನಾನು ಪಂಚನಾಮೆ ಮಾಡಿ ಹೇಳಬೇಕು. ಇದ್ದರೆ ಬಾವಿ ಉಳಿಯುತ್ತದೆ, ಇಲ್ಲದಿದ್ದರೆ ಮಣ್ಣು ತುಂಬುತ್ತಾರೆ.

ಬೆಳಿಗ್ಗೆ ಹನ್ನೊಂದಕ್ಕೆ ಹೋದೆ. ಪೇಟೆಯ ಐದು ಜನರನ್ನು ಪಂಚರೆಂದು ನಿಲ್ಲಿಸಿದೆ. ಅವರಲ್ಲಿ ಒಬ್ಬರು ಬಾವಿಯ ಬಾಜುವಿನಲ್ಲಿ ಖಾನಾವಳಿ ನಡೆಸುವ ಶಾಂತವ್ವ. ನಿಯಮದಂತೆ ಮೂರು ಸಲ ಕರೆದೆ. ಉತ್ತರ ಬರಲಿಲ್ಲ.

"ಅದಾಳ್ರೀ ಯವ್ವಾ," ಅಂದಳು ಶಾಂತವ್ವ. "ನಾ ದಿನಾ ಮಧ್ಯಾಹ್ನ ಭಾಂಡೆ ತಿಕ್ಕೂಮುಂದ ಆಕಿ ಸಂಗಾಟ ಮಾತಾಡ್ತೀನಿ. ನನ್ನ ಅತ್ತಿ ಮಾತಾಡ್ತಿದ್ಲು, ಅವ್ರ ಅತ್ತಿ ಮಾತಾಡ್ತಿದ್ಲು."

"ಮಾರಿ ನೋಡೀರೇನ್ರಿ?"

"ಮಾರಿ ಹೆಂಗ ನೋಡ್ಲಿ? ಬೆನ್ನ ಹಚ್ಚಿ ಮಾತಾಡ್ತೀನಿ. ನಂಗ ನೆರಳ ಬೇಕಲ್ರಿ, ಮೊಮ್ಮಗಳ ಮದವಿ ಆಗಬೇಕು."

"ಕೇಳಿದ್ದು ಬರಿಯೂ ಹಂಗಿಲ್ರಿ. ಕಂಡದ್ದಷ್ಟ ಬರೀಬೇಕು."

ಯಲ್ಲಪ್ಪ ಹತ್ತಿರ ಬಂದು ಮೆಲ್ಲಗೆ ಹೇಳಿದ. "ಅಕ್ಕಾರ, ಇನ್ನೊಂದು ತಾಸು ಕುಂದ್ರೂಣು. ನಾ ಕರೀತೀನಿ."

"ಹನ್ನೆರಡಕ್ಕ ಊಟದ ಟೈಮ್ ಅಲ್ಲೇನ್ರಿ ಕಾಕಾ?"

"ಅದ... ಅದಕ್ಕ ಹೇಳಿದ್ನಿ," ಅಂದ. ನನಗೆ ಅರ್ಥವಾಗಲಿಲ್ಲ. ಅವನು ಮತ್ತೆ ಹೇಳಲಿಲ್ಲ.

ನಾನು ಬರೆದ ವರದಿ ನನ್ನ ಕೆಲಸದಲ್ಲೇ ಅತ್ಯಂತ ಅಚ್ಚುಕಟ್ಟಾದದ್ದು. ಬಾವಿಯ ಆಳ, ಮೆಟ್ಟಿಲುಗಳ ಸಂಖ್ಯೆ, ಬಿರುಕಿನಲ್ಲಿ ಕೂತ ಪಾರಿವಾಳಗಳ ಸಂಖ್ಯೆ, ಎಲ್ಲ ಬರೆದೆ. "ಮೇಲಿನಿಂದ ಮೂರನೆಯ ಮೆಟ್ಟಿಲ ಮೇಲೆ ಮನುಷ್ಯಾಕಾರದ ಒಂದು ನೆರಳು ಬಿದ್ದಿದೆ, ಯಾರದೆಂದು ತಿಳಿಯಲಿಲ್ಲ" ಎಂದೂ ಬರೆದೆ. ಕೊನೆಗೆ: "ಮೂರು ಸಲ ಕರೆದಾಗ ಉತ್ತರವಿಲ್ಲ. ನಿವಾಸಿ ಕಂಡುಬಂದಿಲ್ಲ."

ಹೊಸಮನಿ ಸಾಹೇಬರು ಓದಿ ಎದ್ದು ನಿಂತರು. "ಮೇಡಂ, ಪಂಚನಾಮಿ ಅಂದ್ರ ಹಿಂಗಿರಬೇಕ್ರಿ! ಪಾರಿವಾಳಾನೂ ಬಿಟ್ಟಿಲ್ಲ ನೋಡ್ರಿ!" ಮಾದರಿ ವರದಿಯೆಂದು ಅದನ್ನು ಎಲ್ಲ ತಾಲೂಕುಗಳಿಗೂ ಕಳಿಸಿದರು. ನಕಲು ಮಾಡುವಾಗ "ಕಂಡುಬಂದಿಲ್ಲ" ಎಂಬುದು ಚಿಕ್ಕದಾಗಿ "ಇಲ್ಲ" ಎಂದಾಯಿತು. ಮುಂದಿನ ಸೋಮವಾರ ಮಧ್ಯಾಹ್ನ ಎರಡಕ್ಕೆ ಬಾವಿಗೆ ಮಣ್ಣು ತುಂಬಬೇಕೆಂದು ಆದೇಶ ಹೊರಟಿತು.

ಶುಕ್ರವಾರ ಹನ್ನೆರಡಕ್ಕೆ ಎಲ್ಲರೂ ಬಾಗಿಲು ಹಾಕಿಕೊಂಡರು. ನಾನು ಮೇಜಿನ ಬಳಿ ಡಬ್ಬಿ ಬಿಚ್ಚಿ, ನೀರಿಗೆಂದು ಮಡಕೆಯ ಮುಚ್ಚಳ ತೆಗೆದೆ.

"ನನ್ನ ಇಲ್ಲಂತ ಬರದಾಕಿ ನೀನ ಹೌದಲ್ಲ?"

ಧ್ವನಿ ಮಡಕೆಯಿಂದ ಬಂದಿತ್ತು. ಒಳಗೆ ನೀರು ಬಿಟ್ಟು ಏನೂ ಇರಲಿಲ್ಲ. ಆ ನೀರು ಎಲ್ಲಿಯದೆಂದು ಆಗ ಹೊಳೆಯಿತು.

"ಇಲ್ಲಂತ ಬರದಿಲ್ರಿ. ಕಂಡುಬಂದಿಲ್ಲಂತ ಬರದೀನಿ."

"ಎರಡರಾಗ ಏನ ಫರಕ ಐತಿ ಅಂತ ಆ ಮಣ್ಣಿನ ಲಾರಿಗಿ ಹೇಳ್ತೀಯೇನು?"

ನಾನು ಡಬ್ಬಿ ಮುಚ್ಚಿದೆ.

"ಪಾರಿವಾಳ ಎಣಸಿದಿ. ನನ್ನ ಬಿಟ್ಟಿ," ಅಂದಿತು ಧ್ವನಿ. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಸುಲಭವಾಗುತ್ತಿತ್ತು. "ದಿನಾ ನನ್ನ ಮನಿ ನೀರ ಕುಡಕೋತ ಕುಂತ ನನ್ನ ಇಲ್ಲ ಅಂತೀರಿ. ಬಾವಿ ಮುಚ್ಚಿದ್ರ ನಾ ಗಾಳ್ಯಾಗ ಹೋಗ್ತೀನಿ ತಂಗಿ. ಗಾಳ್ಯಾಗ ಹೋದವ್ರು ಮತ್ತ ಕೂಡಂಗಿಲ್ಲ. ಸೋಮವಾರ ಅಂತ?"

"ಹೌದ್ರಿ. ಎರಡಕ್ಕ."

"ಹನ್ನೆರಡಕ್ಕ ನಾ ಮನ್ಯಾಗ ಇರ್ತೀನಿ," ಅಂದು ಧ್ವನಿ ನಿಂತಿತು. ಅಂದು ನಾನು ಉಣ್ಣಲಿಲ್ಲ.

ಒಂದು ಗಂಟೆಗೆ ಯಲ್ಲಪ್ಪನನ್ನು ಕೇಳಿದೆ. "ಕಾಕಾ, ಈ ಹಿಂದಿನ ಪಂಚನಾಮೆಗೋಳೆಲ್ಲ ತಗದ ನೋಡೀನಿ. ಎಲ್ಲಾದ್ರಾಗೂ 'ಅಧಿಕಾರಿ ಕಣ್ಣಾರೆ ಕಂಡಿದ್ದಾರೆ' ಅಂತ ಐತಿ. ಹೆಂಗ ಕಂಡ್ರು ಅವ್ರು?"

ಯಲ್ಲಪ್ಪ ನಕ್ಕ. "ಎಲ್ಲಿ ಕಂಡಾರ್ರಿ? ಬಂದ ಬಂದ ಸಾಹೇಬ್ರೆಲ್ಲಾ ಶಾಂತವ್ವನ ಖಾನಾವಳ್ಯಾಗ ಝುಣಕಾ ರೊಟ್ಟಿ ತಿನಕೋತ ಕುಂದರೂರು. ನಾ ಹೋಗಿ ಜಕ್ಕವ್ವನ್ನ ನೋಡಿ, ಅದಾಳ್ರೀ ಅಂತ ಬಂದ ಹೇಳಾವ. ಅವ್ರು ಕಣ್ಣಾರೆ ಕಂಡೀನಿ ಅಂತ ಬರಿಯೂರು. ಇಪ್ಪತ್ತ ವರ್ಷ ಹಿಂಗ ನಡದೈತಿ."

"ಮತ್ತ ನನಗ್ಯಾಕ ಹೇಳ್ಲಿಲ್ಲ?"

"ನೀವು ಕಂಡದ್ದಷ್ಟ ಬರಿಯೂರು ಅಂದ್ರಲ್ರಿ ಅಕ್ಕಾರ. ನನ್ನ ಕಣ್ಣ ನಿಮ್ಮ ಲೆಕ್ಕದಾಗ ಬರಂಗಿಲ್ಲ."

ಆಗ ನಾನು ಅವನ ಕಾಲ ಬಳಿ ನೋಡಿದೆ. ಕಿಟಕಿಯ ಬಿಸಿಲು ಅವನ ಮೇಲೆ ಬೀಳುತ್ತಿತ್ತು. ಕುರ್ಚಿಯ ನೆರಳಿತ್ತು, ಬಾಗಿಲ ನೆರಳಿತ್ತು. ಅವನದಿರಲಿಲ್ಲ. ಆರು ವರ್ಷ ಅದೇ ಕೋಣೆಯಲ್ಲಿದ್ದು, ಪಾರಿವಾಳ ಎಣಿಸುವ ನಾನು ಅದನ್ನು ನೋಡಿರಲಿಲ್ಲ.

ಹೀಗೆ, ಸೋಮಾರಿ ಅಧಿಕಾರಿಗಳ ಸುಳ್ಳು ಇಪ್ಪತ್ತು ವರ್ಷ ಕಾಪಾಡಿದ ಬಾವಿಯನ್ನು ನನ್ನ ಸತ್ಯ ಒಂದೇ ದಿನದಲ್ಲಿ ಮುಚ್ಚಿಸಲು ಹೊರಟಿತ್ತು. ಈಗ ನಾನೂ ಸುಳ್ಳು ಬರೆಯಬಹುದಿತ್ತು. ಬರೆಯಲು ಕೈ ಬರಲಿಲ್ಲ. ಅದು ಒಳ್ಳೆಯತನವೇನಲ್ಲ, ಅಭ್ಯಾಸ.

ಸಾಹೇಬರ ಕೋಣೆಗೆ ಹೋಗಿ, ಇನ್ನೊಂದು ಪಂಚನಾಮೆ ಮಾಡುತ್ತೇನೆ, ಸೋಮವಾರ ಹನ್ನೆರಡಕ್ಕೆ, ಎಂದೆ.

"ಹನ್ನೆರಡಕ್ಕ?" ಅವರು ಕನ್ನಡಕ ತೆಗೆದರು. "ಊಟದ ಹೊತ್ತಿನಾಗ ಮಾಡಿದ್ದು ಪಂಚನಾಮಿ ಆಗಂಗಿಲ್ರಿ ಮೇಡಂ. ಖಾಸಗಿ ಭೇಟಿ ಆಗ್ತದ. ನಾಳೆ ಯಾರರ ಕೇಳಿದ್ರ?"

"ಸೋಮವಾರ ನಂದು ಉಪವಾಸ ಐತ್ರಿ."

"ನಿಮ್ದು? ಯಾವಾಗಿಂದ?"

"ಈ ಸೋಮವಾರದಿಂದ. ಉಪವಾಸ ಇದ್ದವ್ರಿಗೆ ಹನ್ನೆರಡರಿಂದ ಒಂದು ಕರ್ತವ್ಯದ ವೇಳ್ಯಾ ಅಂತ ನಿಮ್ಮ ಆದೇಶ ಐತಲ್ರಿ. ಅದು ಪಂಚನಾಮೆಗೆ ನಡ್ಯಂಗಿಲ್ಲ ಅಂದ್ರ, ಸಂಜಿಮುಂದ ಲಗೂ ಮನಿಗಿ ಹೋಗೂದಕ್ಕೂ ನಡ್ಯಂಗಿಲ್ಲ ಅಂತ ಬರದು ಕೊಡ್ರಿ."

ಸಾಹೇಬರು ಬಹಳ ಹೊತ್ತು ಗೋಡೆಯ ಕ್ಯಾಲೆಂಡರ್ ನೋಡಿದರು. ಅದರಲ್ಲಿ ಸೋಮವಾರಗಳು ಸಾಲಾಗಿ ನಿಂತಿದ್ದವು. ಆಮೇಲೆ ಅನುಮತಿಗೆ ಸಹಿ ಹಾಕಿದರು. ನಾನು ಬಾಗಿಲ ಬಳಿ ಹೋದಾಗ ಧ್ವನಿ ಇಳಿಸಿ, "ನೆರಳು ಹೋಗ್ತದವ್ವಾ. ಇನ್ನೂ ಮದವಿ ಆಗಬೇಕಾದಾಕಿ ನೀ," ಅಂದರು. ಮೇಡಂ ಅನ್ನದೆ ಅವರು ಮಾತಾಡಿದ್ದು ಅದೊಂದೇ ಸಲ. ಅದಕ್ಕೇ ಕೆಟ್ಟವರಲ್ಲ ಎಂದೆ.

ಅವರು ಹೇಳಿದ್ದು ಸುಳ್ಳಲ್ಲ. ನಮ್ಮ ಕಡೆ ಹೆಣ್ಣು ನೋಡಲು ಬಂದವರು ಮೊದಲು ಹುಡುಗಿಯನ್ನು ಅಂಗಳದ ಬಿಸಿಲಿಗೆ ಕರೆಯುತ್ತಾರೆ. ಆ ವಾರ ನಮ್ಮ ಮನೆಯಲ್ಲೂ ಅಂಥದೊಂದು ಮಾತುಕತೆ ನಡೆದಿತ್ತು. ಅದರ ವಿವರ ಇಲ್ಲಿ ಬೇಡ.

ಸೋಮವಾರ ಬೆಳಿಗ್ಗೆ ಉಪವಾಸದ ಪುಸ್ತಕದಲ್ಲಿ ಸಾಹೇಬರ ಸಹಿಯ ಕೆಳಗೆ ನನ್ನ ಸಹಿ ಹಾಕಿದೆ. ಹನ್ನೊಂದೂಮುಕ್ಕಾಲಿಗೆ ಬಾವಿಯ ಹತ್ತಿರ ಹೋದಾಗ ಮಣ್ಣಿನ ಲಾರಿ ಬಂದು ನಿಂತಿತ್ತು. ಅದರ ಡ್ರೈವರ್ ಶಾಂತವ್ವನ ಖಾನಾವಳಿಯಲ್ಲಿ ಊಟಕ್ಕೆ ಕೂತಿದ್ದ.

"ಎರಡಕ್ಕ ಸುರೂ ಮಾಡಾವ್ರಿ ನಾನು," ಅಂದ ಅವನು. "ಕಾಗದಾ ಬಂದ್ರ ಬಿಡ್ತೀನಿ. ಬರ್ಲಿಲ್ಲಂದ್ರ ನನ್ನ ಮ್ಯಾಲ ಸಿಟ್ಟ ಮಾಡಬ್ಯಾಡ್ರಿ."

"ನೀ ಮೊದ್ಲ ರೊಟ್ಟಿ ತಿನ್ನೋ," ಅಂದಳು ಶಾಂತವ್ವ. "ಬೇಕಂದ್ರ ಇನ್ನೆರಡು ಹಾಕ್ತೀನಿ. ಸಾವಕಾಶ ತಿನ್ನು."

ಐದೂ ಪಂಚರು ಬಾವಿಗೆ ಬೆನ್ನು ಹಾಕಿ ಸಾಲಾಗಿ ನಿಂತರು. ಯಲ್ಲಪ್ಪ ನನ್ನ ಪಕ್ಕಕ್ಕೆ ಬಂದ. "ನಾ ನೋಡ್ತಿದ್ನಿ ಅಕ್ಕಾರ. ನನ್ನ ಕಡೆ ಕಳಕೊಳ್ಳಾಕ ಏನೂ ಉಳದಿಲ್ಲ. ಆದ್ರ ನನ್ನ ಸಹಿ ನಡ್ಯಂಗಿಲ್ಲ."

"ಗೊತ್ತೈತ್ರಿ ಕಾಕಾ."

ಹನ್ನೆರಡಾಯಿತು. ಸೂರ್ಯ ಬಾವಿಯ ನೆತ್ತಿಗೆ ಬಂದು ನೀರು ತಳದವರೆಗೆ ಬೆಳಗಿತು. ನಾನು ಒಂದು ಸಲ ಕರೆದೆ.

"ಓ," ಅಂದಳು.

ಮೂರನೆಯ ಮೆಟ್ಟಿಲ ಮೇಲೆ ಕೂತಿದ್ದಳು. ಕಪ್ಪು ಇಳಕಲ್ ಸೀರೆ, ಒದ್ದೆ ಕೂದಲು, ಮಡಿಲಲ್ಲಿ ಒಂದು ಪಾರಿವಾಳ. ಕಣ್ಣಿಗೆ ಕಣ್ಣು ಕೂಡಿಸಿದಳು. ಅಂಗಾಲಿನಿಂದ ಏನೋ ಮೆಲ್ಲಗೆ ಜಾರಿಹೋದಂತಾಯಿತು. ನೋವಾಗಲಿಲ್ಲ. ಕಾಲ್ಗೆಜ್ಜೆ ಬಿಚ್ಚಿದಾಗ ಕಾಲು ಹಗುರಾಗುತ್ತದಲ್ಲ, ಹಾಗೆ.

"ಈಗ ಬರ್ಕೋ," ಅಂದಳು. "ಪಾರಿವಾಳ ಆಮ್ಯಾಲ."

ಬರೆದುಕೊಂಡೆ.  

"ನಿನ್ನ ನೆರಳ ನಾ ಕೇಳಿ ಇಸಗೊಂಡಿಲ್ಲ ತಂಗಿ. ತಾನ ಬರ್ತೈತಿ. ಬಂದದ್ದನ್ನ ಜ್ವಾಕಿ ಮಾಡಿ ಇಡ್ತೀನಿ. ಇಲ್ಲಿ ನೋಡು." ಅವಳು ಸ್ವಲ್ಪ ಸರಿದು ಕೂತಳು. ಮೆಟ್ಟಿಲ ಮೇಲೆ ಎರಡು ನೆರಳುಗಳಿದ್ದವು. ಒಂದು ನನ್ನದು, ಜಡೆಯ ಸಮೇತ. ಇನ್ನೊಂದು ಟೋಪಿ ಹಾಕಿದ ಗಂಡಸಿನದು. ಹಿಂದೆ ನಾನು ನೋಡಿ, ಯಾರದೆಂದು ತಿಳಿಯಲಿಲ್ಲ ಎಂದು ಬರೆದದ್ದು ಅದನ್ನೇ.

"ಇದು ನಿಮ್ಮ ಯಲ್ಲಪ್ಪಂದು. ಇಪ್ಪತ್ತ ವರ್ಷದಾಗ ಕಣ್ಣಾರೆ ಕಂಡೀನಿ ಅಂತ ಎಷ್ಟ ಮಂದಿ ಬರದಾರ? ನೆರಳ ಇದೊಂದ ಬಂದೈತಿ."

ನನ್ನ ಪಕ್ಕದಲ್ಲಿ ನಿಂತ ಯಲ್ಲಪ್ಪ ಟೋಪಿ ಸರಿಮಾಡಿಕೊಂಡ.

ಒಂದೂಕಾಲಿಗೆ ಪಂಚರೆಲ್ಲ ಸಹಿ ಹಾಕಿದರು. ಒಂದೂವರೆಗೆ ನಾನು ಕಚೇರಿಯಲ್ಲಿದ್ದೆ. ಸಾಹೇಬರು ಬಾಳೆಹಣ್ಣಿನ ಸಿಪ್ಪೆ ಪಕ್ಕಕ್ಕೆ ಸರಿಸಿ ಆದೇಶಕ್ಕೆ ಸಹಿ ಮಾಡಿದರು. ಎರಡಕ್ಕೆ ಐದು ನಿಮಿಷವಿದ್ದಾಗ ಯಲ್ಲಪ್ಪ ಕಾಗದ ಒಯ್ದು ಡ್ರೈವರನ ಕೈಗೆ ಕೊಟ್ಟ. ಅವನು ಅಷ್ಟೊತ್ತಿಗೆ ಒಂಬತ್ತನೆಯ ರೊಟ್ಟಿ ತಿನ್ನುತ್ತಿದ್ದನಂತೆ.

ಆ ವರ್ಷದ ಅಳತೆಯಲ್ಲಿ ವೈದ್ಯರು ನನ್ನ ಮುಂದೆ ಟೇಪು ಬಿಚ್ಚಿ, ಎಲ್ಲಿಂದ ಎಲ್ಲಿಗೆ ಹಿಡಿಯುವುದೆಂದು ತಿಳಿಯದೆ ಮತ್ತೆ ಸುತ್ತಿಕೊಂಡರು. ಮರುದಿನ ನನಗೆ ಶಾಲು, ಒಂದು ಡಬ್ಬಿ ಕುಂದಾ. ಸಾಹೇಬರು ಭಾಷಣದಲ್ಲಿ ನನ್ನ ಮಾದರಿ ವರ‌ದಿಯನ್ನು ನೆನೆದರು, ಮೊದಲನೆಯದನ್ನು. ಇಂದಿಗೂ ತಾಲೂಕುಗಳಲ್ಲಿ ತರಬೇತಿಗೆ ಅದನ್ನೇ ಓದಿಸುತ್ತಾರೆಂದು ಕೇಳಿದ್ದೇನೆ. ನನ್ನ ಕುರ್ಚಿಗೆ ಬಂದವಳೇ, ನಿನಗೂ ಓದಿಸಿರಬಹುದು. ನಮ್ಮ ಮನೆಯ ಆ ಮಾತುಕತೆ ಮುಂದುವರಿಯಲಿಲ್ಲ.

ವಾಹನ ನಿಲುಗಡೆಯ ಕಟ್ಟಡ ಬಾವಿಯನ್ನು ಸುತ್ತುವರಿದು ಎದ್ದಿದೆ. ಜಕ್ಕವ್ವನ ಪ್ರಮಾಣಪತ್ರದ ಅವಧಿ ಐದು ವರ್ಷ. ಅದು ಮುಗಿಯುವಾಗ ಆ ಕುರ್ಚಿಯಲ್ಲಿ ಇರುವವಳು ನೀನು. ನೀನೂ ನೆರಳು ಕಳೆದುಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಬೆಳಿಗ್ಗೆ ಹನ್ನೊಂದಕ್ಕೇ ಹೋಗು. ಮೂರನೆಯ ಮೆಟ್ಟಿಲ ಮೇಲೆ ಎರಡು ನೆರಳು ಕಾಣುತ್ತವೆ. ಕಂಡದ್ದನ್ನು ಕಂಡಂತೆ ಬರೆ. ಒಂದು ನನ್ನದು, ಇನ್ನೊಂದು ಯಲ್ಲಪ್ಪನದು, ಅವನ್ನು ಜೋಪಾನ ಮಾಡುವವಳು ಅಲ್ಲೇ ಇದ್ದಾಳೆ ಎಂದು ನಾವಿಬ್ಬರೂ ಬರೆದ ಹೇಳಿಕೆ ಈ ಪತ್ರದ ಜೊತೆಗಿದೆ. ವರದಿಗೆ ಲಗತ್ತಿಸು. ಯಲ್ಲಪ್ಪನ ಸಹಿ ನಡೆಯುವುದಿಲ್ಲವೆಂದು ಯಾರಾದರೂ ಅಂದರೆ, ಅವನ ನೆರಳನ್ನು ಬಂದು ನೋಡಲು ಹೇಳು.

ಇನ್ನು ನೀನು ಕೇಳಿದ್ದಕ್ಕೆ ಉತ್ತರ. ಒಂದೂವರೆಗೆ ಬಿಚ್ಚು. ಹನ್ನೆರಡು ಹೊಡೆದಾಗ ಉಳಿದವರು ಬಾಗಿಲು ಹಾಕಿಕೊಳ್ಳಲಿ. ನೀನು ನಾನು ಮೇಜಿನ ಮೇಲೆ ಬಿಟ್ಟುಬಂದ ಆ ಓರೆ ಮಡಕೆಯ ಮುಚ್ಚಳ ತೆಗೆದಿಟ್ಟು, ಅದಕ್ಕೆ ಬೆನ್ನು ಮಾಡಿ ಕೂತು, ನಿನ್ನ ಕೆಲಸ ಮಾಡುತ್ತಿರು. ಯಾರಾದರೂ ಕರೆದರೆ, ಮೂರನೆಯ ಸಲದವರೆಗೆ ಕಾಯಿಸದೆ, ಓ ಅನ್ನು.